ಪಿಸುಗಲ್ಲಿಗೆ ಆ ಹೆಸರು ಬಂದದ್ದು

ನಮ್ಮ ಸೀಮೆಯ ತೆಂಕಣ ಬೆಟ್ಟಸಾಲಿನಲ್ಲಿ, ಗಾಡಿದಾರಿ ಮುಗಿದು ಕಾಲುದಾರಿ ಮೊದಲಾಗುವ ಕಡೆ, ಒಂದು ಹೆಬ್ಬಂಡೆ ಇದೆ. ನಿಂತಿದೆ ಎನ್ನುವುದಕ್ಕಿಂತ ಬಾಗಿದೆ ಎಂದರೆ ಸರಿಯಾದೀತು. ಮೊರವನ್ನು ಗೋಡೆಗೆ ಒರಗಿಸಿಟ್ಟ ಹಾಗೆ ನಡುವೆ ಒಳಕ್ಕೆ ತಗ್ಗಿ, ನೆತ್ತಿಯಲ್ಲಿ ಮತ್ತೆ ಮುಂದಕ್ಕೆ ಚಾಚಿಕೊಂಡಿದೆ. ಆ ಚಾಚಿನ ಅಡಿಯಲ್ಲಿ ಹೆಜ್ಜೇನಿನ ಹುಟ್ಟುಗಳು ಸಾಲಾಗಿ ತೂಗುತ್ತವೆ. ಬುಡದಲ್ಲಿ ಒಂದು ಚಪ್ಪಟೆ ಕಲ್ಲಿದೆ, ಅದರ ಮೇಲೆ ಯಾವ ಕಾಲದಲ್ಲಿ ಹೋದರೂ ಒಂದಿಷ್ಟು ಅರಿಶಿನ ಕುಂಕುಮ ಕಾಣುತ್ತದೆ. ಮೂರ್ತಿಯಿಲ್ಲ, ಗಂಟೆಯಿಲ್ಲ. ಗಂಟೆಯನ್ನು ಯಾರೋ ಭಕ್ತರು ಒಮ್ಮೆ ತಂದು ಕಟ್ಟಿದ್ದರಂತೆ. ಪಕ್ಕದ ಹಾಡಿಯವರು ಬಂದು ಅದರ ನಾಲಗೆಯನ್ನು ಬಿಚ್ಚಿ ಅವರ ಕೈಗೇ ಕೊಟ್ಟು, ಎಳನೀರು ಕುಡಿಸಿ ಕಳಿಸಿದರಂತೆ. ಇದೇ ಪಿಸುಗಲ್ಲು.

ರಜೆಯ ದಿನಗಳಲ್ಲಿ ಇಲ್ಲಿಗೆ ಬರುವವರು ಮೊದಲು ಮಾಡುವ ಕೆಲಸವೆಂದರೆ ಕೂಗುವುದು. ಹೆಸರು ಕೇಳಿಯೇ ಬಂದವರು, ಪಿಸು ಎಂದರೇನೆಂದು ಬಲ್ಲವರು, ಅದಕ್ಕೆ ತದ್ವಿರುದ್ಧವಾದದ್ದನ್ನೇ ಮಾಡುತ್ತಾರೆ. ಬೇಡ ಎಂದ ಕಡೆಗೇ ಕಾಲು ಹಾಕುವುದು ಮನುಷ್ಯನ ಹುಟ್ಟುಗುಣ. ಬಂಡೆ ಮಾತ್ರ ಏನನ್ನೂ ಮರಳಿ ಹೇಳುವುದಿಲ್ಲ. ಕೂಗು ಅಲ್ಲೇ ಒಡೆದು ಬರೀ ಗದ್ದಲವಾಗುತ್ತದೆ, ಹುಟ್ಟುಗಳು ಒಮ್ಮೆ ಮೈ ಅದುರಿಸುತ್ತವೆ, ಕೂಗಿದ ಶೂರರು ಬುತ್ತಿಚೀಲವನ್ನೂ ಬಿಟ್ಟು ಓಡುತ್ತಾರೆ. ಕೂಗಿದವರಿಗೆ ಈ ಕಲ್ಲು ಕಿವುಡು ಎನ್ನುತ್ತಾರೆ ಹಾಡಿಯವರು. ಹಾಗಾದರೆ ಪಿಸುಗುಟ್ಟಿದವರಿಗೆ ಏನು ಎಂದು ಕೇಳಿ ನೋಡಿ, ನಕ್ಕು ಸುಮ್ಮನಾಗುತ್ತಾರೆ.

ಪಿಸು ಎಂಬ ಮಾತು ನಾಡಿಗೆಲ್ಲ ಗೊತ್ತಿರುವುದೇ. ಆದರೆ ನಾಡಿನಲ್ಲಿ ಅದಕ್ಕೆ ಅಷ್ಟಾಗಿ ಮರ್ಯಾದೆಯಿಲ್ಲ. ಮದುವೆಯ ಚಪ್ಪರದಲ್ಲಿ ಇಬ್ಬರು ಪಿಸುಗುಟ್ಟಿದರೆ ಮೂರನೆಯವನ ಹುಬ್ಬು ಗಂಟಾಗುತ್ತದೆ. ಈ ತಪ್ಪಲಿನಲ್ಲಿ ಹಾಗಲ್ಲ. ಇಲ್ಲಿ ಪಿಸು ಬೇರೆ, ಗುಸುಗುಸು ಬೇರೆ. ಮಲಗಿದ ಕೂಸಿನ ಪಕ್ಕದಲ್ಲಿ ಆಡುವುದು ಪಿಸು. ಈಯುತ್ತಿರುವ ಹಸುವಿನ ಕಿವಿಯಲ್ಲಿ ಹೇಳುವುದು ಪಿಸು. ಸಾವಿನ ಸುದ್ದಿ ಹೊತ್ತು ಹೋಗುವವನಿಗೆ ಹಿರಿಯರು, "ಪಿಸುವಾಗಿ ಹೇಳಪ್ಪ" ಎಂದು ಹೇಳಿ ಕಳಿಸುತ್ತಾರೆ. ಮೆಲುದನಿಯಲ್ಲಿ ಮನೆ ಮುರಿಯುವ ಹೆಂಗಸೊಬ್ಬಳಿದ್ದರೆ, "ಅವಳದು ದನಿ ಸಣ್ಣದು, ಆದ್ರೆ ಪಿಸು ಇಲ್ಲ" ಎಂದು ಒಂದೇ ಮಾತಿನಲ್ಲಿ ತೂಕ ಹಾಕಿಬಿಡುತ್ತಾರೆ. ದನಿಯ ಅಳತೆ ಎರಡಕ್ಕೂ ಒಂದೇ. ನಡುವಿನ ಗೆರೆ ಎಲ್ಲಿದೆ ಎಂದು ಕೇಳಿದರೆ ಹಾಡಿಯ ಹಿರಿಯರು ಬೊಮ್ಮಿಯ ಕತೆ ತೆಗೆಯುತ್ತಾರೆ.

ಹಿಂದೆ ಒಮ್ಮೆ, ಈ ಬೆಟ್ಟಗಳು ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ಈ ಬಂಡೆಗೆ ದೊಡ್ಡಬರೆ ಎಂದಷ್ಟೇ ಹೆಸರಿತ್ತು; ಕಡಿದಾದ ಬಂಡೆಗೆ ಅಲ್ಲಿಯವರು ಬರೆ ಎನ್ನುತ್ತಾರೆ. ಬುಡದ ಹಾಡಿಯಲ್ಲಿದ್ದವರು ಜೇನು ಕೀಳುವ ಕುಲದವರು. ಹೆಜ್ಜೇನು ಕೀಳುವುದೆಂದರೆ ಮರ ಹತ್ತಿ ಹಣ್ಣು ಕೊಯ್ದ ಹಾಗಲ್ಲ. ಬಂಡೆಯ ನೆತ್ತಿಯಲ್ಲಿ ಒಂದು ಹೊನ್ನೆಮರವಿತ್ತು. ಅದರ ಬುಡಕ್ಕೆ ಬಳ್ಳಿನಾರಿನ ಹಗ್ಗವನ್ನು ಸುತ್ತಿ, ಇನ್ನೊಂದು ತುದಿಯ ಕುಣಿಕೆಯಲ್ಲಿ ಆಳು ಕೂತು, ಹೊಗೆಕಂತೆಯನ್ನೂ ಗಳುವನ್ನೂ ಹಿಡಿದು ಚಾಚಿನ ಕೆಳಗೆ ಇಳಿಯಬೇಕು. ಮೇಲೆ ಹಗ್ಗ ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ದಾಯಾದಿ ಹಿಡಿದರೆ ಆಸೆ ಹುಟ್ಟೀತು, ಗೆಳೆಯ ಹಿಡಿದರೆ ಬೇಸರ ಬಂದೀತು, ಒಡಹುಟ್ಟಿದವಳ ತಾಳಿ ಮಾತ್ರ ಎಂಥವನ ಕೈಯನ್ನೂ ಬಿಗಿಯಾಗಿಸುತ್ತದೆ ಎಂಬುದು ಅವರ ಲೆಕ್ಕ. ಆ ಹೊನ್ನೆಮರದ ಬುಡಕ್ಕೆ ಹಗ್ಗ ಹಿಡಿಯುವವನೂ ಇಳಿಯುವವನೂ ಅಲ್ಲದೆ ಬೇರೊಂದು ನರಪಿಳ್ಳೆ ಹೋಗಬಾರದೆಂಬ ಕಟ್ಟಳೆಯೂ ಇತ್ತು.

ಕೆಳಗಿನ ಚಪ್ಪಟೆ ಕಲ್ಲಿನ ಮೇಲೆ ಹೆಂಡತಿ ನಿಲ್ಲುತ್ತಿದ್ದಳು. ತೂಗುವವನ ಕಣ್ಣು ಹೊಗೆಯಲ್ಲಿ ಉರಿಯುತ್ತಿರುತ್ತದೆ. ಹುಟ್ಟು ಎಡಕ್ಕಿದೆಯೋ ಬಲಕ್ಕಿದೆಯೋ, ಕಾಲಿಗೆ ಸಿಗುವ ಸಂದು ಎಲ್ಲಿದೆಯೋ ಅವನಿಗೆ ಕಾಣದು. ಅವಳಿಗೆ ಕಾಣುತ್ತದೆ. ಅವಳು ಬಂಡೆಗೆ ಮುಖ ಮಾಡಿ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ ಹೇಳುತ್ತಾಳೆ. ಬಂಡೆಯ ಬಾಗು ಆ ಮಾತನ್ನು ಎತ್ತಿಕೊಂಡು ಹೋಗಿ ಗಂಡನ ಕಿವಿಯಲ್ಲಿ ಇಡುತ್ತದೆ. ಗಟ್ಟಿ ದನಿ ತೆಗೆದರೆ ಜೇನು ಏಳುತ್ತದೆ. ಹೆಜ್ಜೇನು ಎದ್ದರೆ ನೆಲದಲ್ಲಿರುವವನು ಓಡಿಯಾನು, ಹಗ್ಗದಲ್ಲಿರುವವನು ಎಲ್ಲಿಗೆ ಓಡಬೇಕು? ಆದ್ದರಿಂದ ಜೇನುಹುಟ್ಟಿನ ಕಾಲದಲ್ಲಿ ಅಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಈ ಕೆಲಸಕ್ಕೆ ಅವರು ಇಟ್ಟ ಹೆಸರೇ ಪಿಸು. "ಗಂಡ ಬರೆಗೆ ಇಳಿದವ್ನೆ, ಅವಳು ಪಿಸು ಹೇಳ್ತಾ ಅವಳೆ" ಎನ್ನುತ್ತಿದ್ದರು. ಆ ಮಾತು ಗಂಡನ ಕಿವಿಯವರೆಗೆ ಹೋಗಿ ಅಲ್ಲೇ ನಿಲ್ಲುತ್ತದೆ ಎಂದು ಹಾಡಿಯ ಹೆಂಗಸರೆಲ್ಲ ನಂಬಿದ್ದರು. ಮನೆಯಲ್ಲಿ ಅತ್ತೆ ಮಾವಂದಿರ ನಡುವೆ ಆಡಲಾಗದ್ದನ್ನೂ ಕೆಲವರು ಅಲ್ಲಿ ಆಡಿಬಿಡುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ ಎನ್ನಿ.

ಬೊಮ್ಮಿಯ ಗಂಡ ಜಡೆಯ ಆ ಕಾಲದ ಒಳ್ಳೆಯ ಜೇನುಗಾರ. ಮಾತು ಕಡಿಮೆ, ಕೈ ಚುರುಕು. ಅವನ ಹಗ್ಗ ಹಿಡಿಯುತ್ತಿದ್ದವನು ಬೊಮ್ಮಿಯ ಒಬ್ಬನೇ ಅಣ್ಣ ಕಾರಯ್ಯ. ಮದುವೆಯಾದ ವರ್ಷದಿಂದ ಹಗ್ಗ ಅವನ ಕೈಯಲ್ಲೇ ಇತ್ತು, ಒಂದು ಸಲವೂ ಜಾರಿರಲಿಲ್ಲ. ಆದರೆ ಹಿಂದಿನ ವರ್ಷ ಅಣ್ಣ ತಂಗಿಯ ನಡುವೆ ಬೆಂಕಿ ಬಿದ್ದಿತ್ತು. ಕಾರಯ್ಯನ ಮಗಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಬೊಮ್ಮಿ ಆ ಹುಡುಗಿ ತೊಟ್ಟಿಲಲ್ಲಿದ್ದಾಗಿನಿಂದ ಮನಸ್ಸು ಮಾಡಿದ್ದಳು. ಬೆಳೆದ ಹುಡುಗಿ ಆಚೆ ಬೆಟ್ಟದ ಹಾಡಿಯವನೊಬ್ಬನನ್ನು ಒಪ್ಪಿಕೊಂಡಳು. ಕಾರಯ್ಯ ಮಗಳನ್ನು ಬಲವಂತ ಮಾಡಲಿಲ್ಲ. ಅಷ್ಟೇ ಅವನ ಅಪರಾಧ. ಬೊಮ್ಮಿ ಹಾಡಿಯ ನಡುವಂಗಳದಲ್ಲಿ ನಿಂತು, ನಾಯಿಗಳು ಬೊಗಳುವುದನ್ನು ನಿಲ್ಲಿಸುವಷ್ಟು ಗಟ್ಟಿಯಾಗಿ ಕೂಗಿದಳು.

"ಇವತ್ತಿಗೆ ನನ್ನ ತೌರು ಸುಟ್ಟೋಯ್ತು! ನೀನು ನನ್ನ ಪಾಲಿಗೆ ಸತ್ತೆ ಕನಾ. ಇನ್ನು ಅಣ್ಣ ಅಂತ ಈ ಬಾಯಲ್ಲಿ ಬಂದ್ರೆ ಈ ನಾಲಗೆ ಸೀದೋಗ್ಲಿ!"

ಹೇಳಿದ್ದಲ್ಲದೆ, ಅಣ್ಣ ವರ್ಷವರ್ಷವೂ ತಂದುಕೊಡುತ್ತಿದ್ದ ಅರಿಶಿನ ಕುಂಕುಮದ ಮಡಕೆಯನ್ನು ಅವನ ಹೊಸ್ತಿಲ ಮೇಲೆ ಬೋರಲು ಹಾಕಿ ಬಂದಳು. ಕಾರಯ್ಯ ಒಂದು ಮಾತೂ ಆಡಲಿಲ್ಲ. ಮಾತಾಡಿದ್ದರೆ ಜಗಳವಾಗಿ ಮುಗಿಯುತ್ತಿತ್ತೇನೋ. ಸುಮ್ಮನಿದ್ದವನ ಬಗ್ಗೆ ಊರು ಸುಮ್ಮನಿರುತ್ತದೆಯೇ? ಕೆಲವು ತಿಂಗಳು ಕಳೆದ ಮೇಲೆ ಹಾಡಿಯಲ್ಲಿ ಒಂದು ಗುಸುಗುಸು ಎದ್ದಿತು. ಕಾರಯ್ಯ ಹೆಂಡ ಕುಡಿದಾಗ ಯಾರ ಮುಂದೆಯೋ ಅಂದನಂತೆ: ನನ್ನನ್ನು ಸತ್ತ ಅಂದಳಲ್ಲ, ಸತ್ತವನ ಕೈಯಲ್ಲಿ ಹಗ್ಗ ಎಷ್ಟು ಹೊತ್ತು ನಿಲ್ಲುತ್ತದೆ ನೋಡಲಿ. ಹೇಳಿದವರು ಯಾರು, ಕೇಳಿದವರು ಯಾರು ಎಂದರೆ ಒಬ್ಬರೂ ಮುಂದೆ ಬರಲಿಲ್ಲ. ಗುಸುಗುಸುವಿಗೆ ಹೆತ್ತವರಿರುವುದಿಲ್ಲ, ಸಾಕುವವರಷ್ಟೇ. ಬೊಮ್ಮಿ ಅದನ್ನು ಕೇಳಿದಳು, ನಂಬಿದಳು, ಎದೆಯಲ್ಲಿಟ್ಟುಕೊಂಡು ಸಾಕಿದಳು.

ಮರುವರ್ಷ ಪಾಳೆಯಗಾರನ ಮನೆಯ ಮದುವೆಗೆಂದು ದೊಡ್ಡಬರೆಯ ಜೇನು ಬೇಕೆಂದು ಅಪ್ಪಣೆಯಾಯಿತು. ಜೇನು ಕೊಡದಿದ್ದರೆ ಬೆಟ್ಟವನ್ನು ಬೇರೆಯವರಿಗೆ ವಹಿಸುವುದಾಗಿಯೂ ಹೇಳಿ ಕಳಿಸಿದ್ದರು. ಅದನ್ನು ತೆಗೆಸಿಕೊಂಡು ಬರಲು ಬಂದವನು ಪಾಳೆಯಗಾರನ ಕಾಲಾಳುಗಳ ಮುಖಂಡ, ಗುರಿಕಾರ ಮುದ್ದನಾಯಕ. ಮನುಷ್ಯ ಕೆಟ್ಟವನಲ್ಲ, ಆದರೆ ಅವನ ಗಂಟಲು ಕೋಟೆಯ ಬಾಗಿಲಿಗೆಂದೇ ಮಾಡಿದ್ದು. ಪಕ್ಕದಲ್ಲಿ ಕೂತವನನ್ನೂ ಆಚೆ ದಡದವನನ್ನು ಕರೆದ ಹಾಗೆ ಕರೆಯುತ್ತಿದ್ದ. ಕಾಡಿನವರು ಅರ್ಧ ಜೇನನ್ನು ಬಚ್ಚಿಡುತ್ತಾರೆ ಎಂದು ಯಾರೋ ಅವನ ಕಿವಿ ಊದಿದ್ದರು. ಆದ್ದರಿಂದ ತನ್ನ ಕಣ್ಣ ಮುಂದೆಯೇ ಕೀಳಬೇಕೆಂದು ಹಟ ಹಿಡಿದ. ಜೇನು ಕೀಳುವುದು ನಸುಕಿನಲ್ಲಿ, ಹುಳು ಚಳಿಗೆ ಮರಗಟ್ಟಿರುವಾಗ. ಗುರಿಕಾರ ಎದ್ದು, ಮುಖ ತೊಳೆದು, ಉಂಡು, ಹಾಡಿಗೆ ಬರುವಷ್ಟರಲ್ಲಿ ಬಿಸಿಲು ಬಂಡೆಯ ನಡುವಿನವರೆಗೆ ಇಳಿದಿತ್ತು. ನಾಳೆ ಮಾಡೋಣ ಎಂದರೆ ಒಪ್ಪಲಿಲ್ಲ.

ಕಾರಯ್ಯನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಹೇಳಿ ಕಳಿಸುವವಳು ಬೊಮ್ಮಿ, ಅವಳು ಬಾಯಿ ಬಿಗಿದು ಕೂತಿದ್ದಳು. ಹಗ್ಗಕ್ಕೆ ಏನು ಮಾಡುವುದೆಂದು ಜಡೆಯ ಯೋಚಿಸುತ್ತಿರುವಾಗಲೇ ಕಾರಯ್ಯ ಹೆಗಲ ಮೇಲೆ ತನ್ನ ಹಳೆಯ ಕಂಬಳಿ ಹಾಕಿಕೊಂಡು ಬಂದ. ಯಾರನ್ನೂ ನೋಡಲಿಲ್ಲ. ಹಗ್ಗದ ಸುರುಳಿಯನ್ನು ಎತ್ತಿಕೊಂಡು, ಗೇಣು ಗೇಣಿಗೂ ಬೆರಳಾಡಿಸಿ ನೋಡಿ, ಹಿಂಬದಿಯ ದಾರಿ ಹಿಡಿದು ಮೇಲಕ್ಕೆ ಹೋದ. ಜಡೆಯ ಅವನ ಹಿಂದೆ ಹೋದ. ಕರೆಯದೆ ಬಂದವನನ್ನು ಬೊಮ್ಮಿ ಕಣ್ಣು ಕೀಳದೆ ನೋಡಿದಳು. ಹಿಡಿಯುವುದಕ್ಕೆ ಬಂದನೋ, ಬಿಡುವುದಕ್ಕೆ ಬಂದನೋ? ಹಗ್ಗವನ್ನು ಅಷ್ಟು ಹೊತ್ತು ಮುಟ್ಟಿ ಮುಟ್ಟಿ ನೋಡಿದ್ದೇಕೆ? ಕೂಗಿ ಗಂಡನನ್ನು ಹಿಂದಕ್ಕೆ ಕರೆಯೋಣವೆಂದರೆ ಪಕ್ಕದಲ್ಲಿ ಗುರಿಕಾರ ನಿಂತಿದ್ದ. ಇನ್ನು ಕೂಗುವ ಜಾಗವೂ ಅದಲ್ಲ.

ಅವಳು ಚಪ್ಪಟೆ ಕಲ್ಲಿನ ಮೇಲೆ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ಚಾಚಿನ ಅಂಚಿನಿಂದ ಜಡೆಯನ ಕಾಲು, ಸೊಂಟ, ತಲೆ ಒಂದೊಂದಾಗಿ ಇಳಿದು ಬಂದು, ಅವನು ಬಯಲಲ್ಲಿ ತೂಗಿದ. ಪ್ರತಿ ವರ್ಷವೂ ಅವಳು ಮೊದಲು ಹೇಳುತ್ತಿದ್ದ ಮಾತೊಂದಿತ್ತು: "ಕಾಣ್ತಾ ಇದ್ದೀಯ. ನಾನಿಲ್ಲೇ ಇವ್ನಿ." ಈ ಸಲವೂ ಅದನ್ನು ಹೇಳಿದಳು. ಆಮೇಲೆ, ಎದೆಯಲ್ಲಿದ್ದದ್ದು ತಡೆಯದೆ ಬಂದುಬಿಟ್ಟಿತು.

"ಮೇಲಿರೋ ಕೈಯ ನಂಬಬ್ಯಾಡ. ಅವನು ಹಿಡಿಯಾಕೆ ಬಂದಿಲ್ಲ, ಹಗೆ ತೀರುಸ್ಕೊಳಾಕೆ ಬಂದವ್ನೆ. ಹಗ್ಗದ ಮ್ಯಾಲೆ ಭಾರ ಬುಡಬ್ಯಾಡ, ಕಾಲು ಸಿಕ್ಕಿದ ಕಡೆ ಊರ್ಕೊ."

ಇಳಿಯುತ್ತಿದ್ದ ಹಗ್ಗ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಮತ್ತೆ ಇಳಿಯತೊಡಗಿತು. ಬೊಮ್ಮಿಗೆ ಅದು ಕಂಡಿತು; ಮೇಲೆ ಏನೋ ಹವಣಿಸುತ್ತಿದ್ದಾನೆ ಎಂದುಕೊಂಡಳು.

ಗುರಿಕಾರನಿಗೆ ಅವಳ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. ದನಿ ತಗ್ಗಿಸಿ ಮಾತಾಡಿ ಅಭ್ಯಾಸವಿಲ್ಲದವನಿಗೆ ದನಿ ತಗ್ಗಿಸುವವರೆಲ್ಲ ಕಳ್ಳರೇ. ಅವನು ಹತ್ತಿರ ಬಂದು ಗುಡುಗುವುದಕ್ಕೆ ಎದೆ ತುಂಬಿಕೊಂಡ. ಅವಳು ತಿರುಗಿ ನೋಡಿದ ಪರಿಗೆ ಗುಡುಗು ಅರ್ಧಕ್ಕೆ ಇಳಿಯಿತು.

"ಏನದು ಗುಸುಗುಸು? ಜೇನು ಎಲ್ಲಿ ಮುಚ್ಚಿಡಬೇಕು ಅಂತ ಹೇಳಿಕೊಡ್ತಿದ್ದೀಯಾ?" ಎಂದ. ಅವನ ಮಟ್ಟಿಗೆ ಅದು ಬಲು ಮೆಲ್ಲಗೆ ಆಡಿದ ಮಾತು. ಆದರೂ ಹತ್ತಿರದ ಹುಟ್ಟಿನ ಮೇಲೆ ಹುಳುಗಳು ಅಲೆ ಎದ್ದ ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೈ ಮಿನುಗಿಸಿದವು.

"ಗುಸುಗುಸು ಅಲ್ಲ ಸ್ವಾಮಿ, ಪಿಸು. ನಿಮ್ಮ ಪಾದಕ್ಕೆ ಬೀಳ್ತೀನಿ, ಬಾಯಿ ತೆಗೀಬ್ಯಾಡಿ" ಎಂದಳು ಬೊಮ್ಮಿ. ಆ ಎರಡರ ವ್ಯತ್ಯಾಸ ಗುರಿಕಾರನಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಬೊಮ್ಮಿಗೂ ತಿಳಿದಿರಲಿಲ್ಲ.

ಮೇಲೆ ಜಡೆಯ, ಹೆಂಡತಿಯ ಮಾತಿನಂತೆಯೇ ನಡೆದ. ಜೇನುಗಾರ ಹಗ್ಗಕ್ಕೆ ಮೈ ಕೊಟ್ಟು ನೇರ ತೂಗಬೇಕು, ಅದೇ ಈ ಕಸುಬಿನ ಮೊದಲ ಪಾಠ. ನೇರ ತೂಗುವ ಹಗ್ಗ ಬಂಡೆಯ ಅಂಚಿನಲ್ಲಿ ಒಂದೇ ಕಡೆ ಕೂತಿರುತ್ತದೆ. ಜಡೆಯ ಹಗ್ಗವನ್ನು ನಂಬದೆ ಸಂದು ಸಿಕ್ಕಿದ ಕಡೆಯೆಲ್ಲ ಕಾಲೂರುತ್ತಾ, ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ಸರಿಯುತ್ತಾ ಹುಟ್ಟು ಕೊಯ್ದ. ಅವನು ಸರಿದಾಗಲೆಲ್ಲ ಮೇಲೆ ಹಗ್ಗ ಅಂಚಿನ ಮೇಲೆ ಉಜ್ಜಾಡಿತು. ಆ ಜಾಗ ಕಾರಯ್ಯನಿಗೆ ಕಾಣದು, ಚಾಚಿನ ಆಚೆ ಇದೆ. ಜಡೆಯನಿಗೆ ಕಾಣದು, ಹೊಗೆಯ ಮೇಲಿದೆ. ಸೊಂಟಕ್ಕೆ ಕಟ್ಟಿಕೊಂಡಿದ್ದ ಮಂಕರಿ ತುಂಬಿತು. ಎಳೆದುಕೊ ಎಂಬ ಗುರುತಿಗೆ ಜಡೆಯ ಹಗ್ಗವನ್ನು ಎರಡು ಸಲ ಜಗ್ಗಿದ. ಆಗ ಬೊಮ್ಮಿ ತಲೆಯೆತ್ತಿದಳು. ಅಂಚಿನ ಕೆಳಗೆ ಹಗ್ಗದ ಒಂದು ಎಳೆ ಪಟ್ಟನೆ ಬಿಚ್ಚಿಕೊಂಡು, ಕೆದರಿದ ಕೂದಲಂತೆ ಗಾಳಿಯಲ್ಲಿ ಸುತ್ತುತ್ತಿತ್ತು.

ಮೊದಲು ಅವಳಿಗೆ ಅನ್ನಿಸಿದ್ದು, ಕೊನೆಗೂ ಕೊಯ್ದುಬಿಟ್ಟ, ಎಂದು. ಕಣ್ಣು ಕಿರಿದು ಮಾಡಿ ನೋಡಿದಳು. ಕೊಯ್ಯುತ್ತಿದ್ದದ್ದು ಕತ್ತಿಯಲ್ಲ, ಕಲ್ಲು. ಹಗ್ಗ ಮೇಲಕ್ಕೆ ಸರಿಯತೊಡಗಿತ್ತು. ಗುರುತು ಸಿಕ್ಕಿದ ಕಾರಯ್ಯ ಎಳೆಯುತ್ತಿದ್ದ, ಒಂದೊಂದು ಎಳೆತಕ್ಕೂ ಸವೆದ ಜಾಗ ಅಂಚಿನ ಹಲ್ಲಿಗೆ ಹತ್ತಿರವಾಗುತ್ತಿತ್ತು. ಎರಡನೆಯ ಎಳೆಯೂ ಬಿಚ್ಚಿತು. ನಿಲ್ಲಿಸು ಎಂದು ಜಡೆಯನೇ ಹಗ್ಗವನ್ನು ಜಗ್ಗೋಣವೆಂದರೆ ಆ ಜಗ್ಗಿಗೇ ಉಳಿದದ್ದು ಕಿತ್ತು ಬರುತ್ತಿತ್ತು. ಕೂಗೋಣವೆಂದರೆ ಅವನ ಮುಖದ ಎದುರಿಗೇ ಬಿಸಿಲಿಗೆ ಎಚ್ಚೆತ್ತ ಹುಟ್ಟುಗಳು. ಉಳಿದದ್ದು ಒಂದೇ ದಾರಿ. ಎಳೆಯುವ ಕೈ ತಾನಾಗಿ ನಿಲ್ಲಬೇಕು. ಆ ಕೈಗೆ ಹೇಳುವವರು ಯಾರು?

ಗುರಿಕಾರನೂ ಅದೇ ಹೊತ್ತಿಗೆ ಮೇಲೆ ನೋಡಿದ. ಹಗ್ಗ ಕಂಡಿತು. ಮನುಷ್ಯ ಒಳ್ಳೆಯವನೇ, ಎಚ್ಚರಿಸಬೇಕೆಂದು ಕೋಟೆಬಾಗಿಲಿನ ಆ ಗಂಟಲನ್ನು ಪೂರ್ತಿ ತೆರೆದ. ದನಿ ಹೊರಬರುವ ಮುಂಚೆ ಬೊಮ್ಮಿ ಹಾರಿ ಅವನ ಬಾಯಿಯ ಮೇಲೆ ಅಂಗೈ ಒತ್ತಿದಳು. ಹಾಡಿಯ ಹೆಣ್ಣೊಬ್ಬಳು ಪಾಳೆಯಗಾರನ ಗುರಿಕಾರನ ಬಾಯಿ ಮುಚ್ಚಿದಳು. ಅವನ ಕೈ ಸೊಂಟದ ಕತ್ತಿಗೆ ಹೋಗಿ ಅಲ್ಲೇ ಉಳಿಯಿತು. ಅವಳು ಅವನನ್ನು ನೋಡಲೂ ಇಲ್ಲ. ಒಂದು ಕೈ ಅವನ ಮೀಸೆಯ ಮೇಲಿಟ್ಟುಕೊಂಡೇ ಬಂಡೆಯ ಕಡೆಗೆ ತಿರುಗಿದಳು. ಗಂಡನ ಕಿವಿಯಾಚೆ ಈ ಮಾತು ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಬೇರೆ ಗತಿಯಿಲ್ಲದೆ, ಸೀದುಹೋಗಲಿ ಎಂದು ತಾನೇ ಶಪಿಸಿಕೊಂಡಿದ್ದ ನಾಲಗೆಯಿಂದ ಆ ಮಾತನ್ನು ತೆಗೆದಳು.

"ಅಣ್ಣಾ."

ಹಗ್ಗ ಸರಿಯುತ್ತಲೇ ಇತ್ತು.

"ಅಣ್ಣಾ, ಎಳೀಬ್ಯಾಡ. ಕಲ್ಲು ಹಗ್ಗವ ತಿಂತಾ ಅದೆ."

ಹಗ್ಗ ನಿಂತಿತು. ಜಗ್ಗಿ ನಿಲ್ಲಲಿಲ್ಲ, ನಿದ್ದೆಗೂಸನ್ನು ಹಾಸಿಗೆಗೆ ಇಡುವ ಹಾಗೆ, ಅಲುಗದೆ ನಿಂತಿತು.  ಬೊಮ್ಮಿಗೆ ನಂಬಿಕೆ ಬರಲಿಲ್ಲ. ಜಡೆಯನ ಕಾಲಿನಿಂದ ಎರಡಾಳು ಕೆಳಗೆ ಬಂಡೆಯ ಸೀಳಿನಲ್ಲಿ ಒಂದು ಬಸರಿಗಿಡ ಬೇರು ಬಿಟ್ಟಿತ್ತು, ಅದರ ಬುಡದಲ್ಲಿ ಪಾದವೂರುವಷ್ಟು ಮೆಟ್ಟು.

"ಇಳಿಸು. ನಿಧಾನಕ್ಕೆ. ಕೆಳಗೆ ಬಸರಿ ಬೇರು ಅದೆ, ಅದರ ಮ್ಯಾಲೆ ನಿಲ್ಸು. ನೀನು ಅಲುಗಬ್ಯಾಡ ಕನಾ, ಸುಮ್ನೆ ತೂಗು, ಅಣ್ಣ ಇಳಿಸ್ತಾನೆ."

ಕೊನೆಯ ಮಾತು ಗಂಡನಿಗೆ. ಜಡೆಯ ಕಣ್ಣು ಮುಚ್ಚಿ ಮೈಯನ್ನು ಹಗ್ಗಕ್ಕೆ ಒಪ್ಪಿಸಿದ. ಹಗ್ಗ ಬೆರಳಿನಷ್ಟು ಬೆರಳಿನಷ್ಟಾಗಿ ಇಳಿಯತೊಡಗಿತು. ಸವೆದ ಜಾಗ ಅಂಚಿನಿಂದ ಬಿಡಿಸಿಕೊಂಡು ಕೆಳಗೆ ಬಂತು. ಉಳಿದಿದ್ದದ್ದು ಒಂದೇ ಎಳೆ. ಆಗ ಬೊಮ್ಮಿಗೆ ಇನ್ನೊಂದು ಹೊಳೆಯಿತು. ಈಗ ಕೇಳಿಸುತ್ತಿದೆ ಎಂದರೆ ಆಗಲೂ ಕೇಳಿಸಿತ್ತು. ಮೇಲಿರುವ ಕೈಯನ್ನು ನಂಬಬೇಡ ಎಂದದ್ದು ಆ ಕೈಯ ಒಡೆಯನ ಕಿವಿಗೇ ಬಿದ್ದಿತ್ತು. ಹಗ್ಗ ಒಂದು ಉಸಿರು ನಿಂತದ್ದು ಅದಕ್ಕೆ. ಎಲ್ಲ ಕೇಳಿದವನ ಕೈಯಲ್ಲಿ, ಈಗ, ಒಂದು ಎಳೆಯ ಮೇಲೆ, ತನ್ನ ಗಂಡನಿದ್ದಾನೆ. ಬಿಟ್ಟರೆ ಯಾರೂ ಅವನನ್ನು ಅನ್ನುವ ಹಾಗಿಲ್ಲ; ಹಗ್ಗ ಸವೆದಿತ್ತು, ಗುರಿಕಾರನೇ ಸಾಕ್ಷಿ. ಕ್ಷಮಿಸು ಎನ್ನಲು ಬಾಯಿ ತೆರೆದಳು. ಆದರೆ ಅದನ್ನು ಹೇಳುವ ಹೊತ್ತು ಅದಲ್ಲ, ಅವಳು ದಾರಿ ಹೇಳಬೇಕಿತ್ತು. ಕಣ್ಣೀರು ಸುರಿಯುತ್ತಿರುವಾಗಲೇ ದನಿ ನಡುಗದಂತೆ ಹಿಡಿದು ಹೇಳಿದಳು: "ಇನ್ನೊಂಚೂರು. ಎಡಕ್ಕೆ ಹೋಗ್ತಾ ಅದೆ, ನಿಲ್ಸು. ಹೂಂ. ಈಗ ಬುಡು. ಇನ್ನೊಂಚೂರು, ಅಣ್ಣ."

ಜಡೆಯನ ಪಾದ ಬೇರನ್ನು ಮುಟ್ಟಿತು. ಅವನು ಬಸರಿಯ ಕಾಂಡವನ್ನು ತಬ್ಬಿಕೊಂಡ. ಹಗ್ಗದ ಮೇಲಿನ ಭಾರ ಇಳಿದ ಕ್ಷಣದಲ್ಲೇ ಉಳಿದ ಎಳೆಯೂ ಸದ್ದಿಲ್ಲದೆ ಬಿಟ್ಟುಕೊಂಡು, ತುಂಡು ಹಗ್ಗ ಅವನ ಹೆಗಲ ಮೇಲೆ ಬಂದು ಬಿತ್ತು. ಹೆಜ್ಜೇನು ಏಳಲಿಲ್ಲ. ಗುರಿಕಾರನ ಬಾಯಿಯ ಮೇಲಿದ್ದ ಕೈಯನ್ನು ಬೊಮ್ಮಿ ಆಗ ತೆಗೆದಳು. ಅಲ್ಲಿಯವರೆಗೆ ಅದು ಅಲ್ಲೇ ಇತ್ತೆಂಬುದು ಅವಳಿಗೆ ನೆನಪೇ ಇರಲಿಲ್ಲ. ಮುದ್ದನಾಯಕ ಕತ್ತಿಯ ಮೇಲಿನ ಕೈಯನ್ನು ಕೆಳಗಿಳಿಸಿ, ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ಉಸಿರಿಗಿಂತ ಮೆಲ್ಲಗೆ, "ಬದುಕಿದನೇನಮ್ಮ?" ಎಂದು ಕೇಳಿದ. ಅವಳು ತಲೆಯಾಡಿಸಿದಳು.

ಕಾರಯ್ಯ ಅಂಚಿನಲ್ಲಿ ಕಂಬಳಿಯನ್ನು ಮಡಿಸಿಟ್ಟು, ಉಳಿದ ಗಟ್ಟಿ ಹಗ್ಗವನ್ನು ಅದರ ಮೇಲೆ ಇಳಿಬಿಟ್ಟು ಭಾವನನ್ನು ಎಳೆದುಕೊಂಡ. ಇಬ್ಬರೂ ಹಿಂಬದಿಯ ದಾರಿಯಿಂದ ಇಳಿದು ಬರುವಾಗ ಮಧ್ಯಾಹ್ನವಾಗಿತ್ತು. ಜಡೆಯ ಮುಂದೆ, ಕಾರಯ್ಯ ಹಿಂದೆ. ಕಾರಯ್ಯನ ಎರಡೂ ಅಂಗೈ ಸುಲಿದು ಕೆಂಪಾಗಿದ್ದವು. ಬೊಮ್ಮಿ ಗಂಡನ ಹತ್ತಿರ ಹೋಗಲಿಲ್ಲ. ಅಣ್ಣನ ಮುಂದೆ ಹೋಗಿ ನಿಂತಳು, ಅವನ ಮುಖ ನೋಡಲಾರದೆ ಕೈಗಳನ್ನೇ ನೋಡುತ್ತಾ ಕೇಳಿದಳು.

"ಅಲ್ಲೀಗಂಟ ಕೇಳ್ತದಾ?"

"ಕೇಳ್ತದೆ."

"ಯಾವಾಗಿಂದ?"

"ನೀನು ಮೊದಲ ವರ್ಸ ಆ ಕಲ್ಲಿನ ಮ್ಯಾಲೆ ನಿಂತಾಗಿಂದ. ಹಗ್ಗ ಹಿಡಿಯೋರಿಗೆಲ್ಲ ಕೇಳ್ತದೆ ಕನವ್ವ. ನಮ್ಮ ಸೋದರಮಾವ ಹಗ್ಗ ನನ್ನ ಕೈಗೆ ಕೊಡ್ವಾಗ್ಲೇ ಹೇಳಿದ್ದ, ಏನು ಕೇಳಿದ್ರೂ ಕೆಳೀಕೆ ತರಬಾರ್ದು ಅಂತ. ನೀವು ಹೆಂಗಸ್ರು ಗೊತ್ತಾದ್ರೆ ಬಾಯಿ ಬಿಗೀತೀರಿ. ನೀವು ಬಾಯಿ ಬಿಗಿದ್ರೆ ಅವನು ಹೆಂಗೆ ತೂಗಾನು?"

ಬೊಮ್ಮಿಗೆ ಎಷ್ಟೋ ವರ್ಷಗಳ ಮಾತುಗಳು ಒಟ್ಟಿಗೆ ನೆನಪಾದವು. ನಕ್ಕದ್ದು, ಅತ್ತೆಯನ್ನು ಅಂದದ್ದು, ಬಸುರಿಯಾದ ಸುದ್ದಿಯನ್ನು ಗಂಡನಿಗೆ ಮೊದಲು ಹೇಳಿದ್ದು. ಅವೆಲ್ಲವನ್ನೂ ಈ ಮನುಷ್ಯ ಹೊತ್ತುಕೊಂಡು ತಿರುಗಿದ್ದ, ಯಾರ ಮುಂದೆಯೂ ಇಳಿಸಿರಲಿಲ್ಲ. ಹೆಂಡ ಕುಡಿದು ಯಾರ ಮುಂದೆಯೋ ಏನೋ ಅಂದನಂತೆ ಎಂಬ ಸುಳ್ಳು ಆಗಲೇ ಸತ್ತಿತು. ಆದರೂ ಕೇಳದೆ ಇರಲಾಗಲಿಲ್ಲ.

"ಇವತ್ತು ಬೆಳಿಗ್ಗೆ ನಾನಂದದ್ದು... ಅದೂ ಕೇಳ್ತಾ?"

 ಕಾರಯ್ಯ ಸುಲಿದ ಅಂಗೈಗಳನ್ನು ಒಮ್ಮೆ ನೋಡಿಕೊಂಡು ಹೇಳಿದ.

"ಹಗ್ಗ ಹಿಡಿದಿದ್ದೆ ಕನವ್ವ. ಕಿವಿ ಮುಚ್ಕೊಳಾಕೆ ಕೈ ಎಲ್ಲಿತ್ತು?"

ಬೊಮ್ಮಿ ಅಲ್ಲೇ ಕುಸಿದು ಕೂತು ಅತ್ತಳು. ಸೆರಗನ್ನು ಬಾಯಿಗೆ ತುರುಕಿಕೊಂಡು, ಸದ್ದು ಹೊರಗೆ ಬರದ ಹಾಗೆ ಅತ್ತಳು. ಇನ್ನೂ ಬಂಡೆಯ ಬುಡದಲ್ಲೇ ಇದ್ದರಲ್ಲ. ಆಮೇಲೆ ಎದ್ದು, ಮನೆಯಿಂದ ಅರಿಶಿನ ತಂದು, ಜೇನಿನಲ್ಲಿ ಕಲಸಿ, ಅಣ್ಣನ ಅಂಗೈಗಳಿಗೆ ಮೆತ್ತಿದಳು. ಉಳಿದ ಅರಿಶಿನವನ್ನು ಚಪ್ಪಟೆ ಕಲ್ಲಿನ ಮೇಲೆ ಇಟ್ಟಳು. ಗುರಿಕಾರ ಕೊಯ್ದಷ್ಟು ಜೇನನ್ನು ತೆಗೆದುಕೊಂಡು, ಇನ್ನು ಮುಂದೆ ಈ ಬೆಟ್ಟದ ಜೇನನ್ನು ಹಾಡಿಯವರು ತಮ್ಮ ಹೊತ್ತಿಗೆ ಕೀಳಲಿ, ಅವರು ಕೊಟ್ಟಷ್ಟನ್ನು ನಾವು ತರೋಣ, ಎಂದು ಒಡೆಯನಿಗೆ ಹೇಳಿ ಒಪ್ಪಿಸಿದನಂತೆ. ಯಾವ ಬೆಟ್ಟ ಎಂದು ಕೇಳಿದಾಗ ದೊಡ್ಡಬರೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ದನಿ ತಗ್ಗಿಸಿ, ಪಿಸುಗಲ್ಲು ಎಂದನಂತೆ. ಸೀಮೆಗೆಲ್ಲ ಜೋರುಬಾಯಿಯವನಿಂದ ಈ ಕಲ್ಲಿಗೆ ಈ ಹೆಸರು ಬಂತು ಎಂದು ಹಾಡಿಯವರು ಇಂದಿಗೂ ನಗುತ್ತಾ ಹೇಳುತ್ತಾರೆ.

ಅಂದಿನಿಂದ ಪಿಸುವಿಗೂ ಗುಸುಗುಸುವಿಗೂ ನಡುವಿನ ಗೆರೆ ಎಲ್ಲಿದೆ ಎಂಬುದು ಆ ತಪ್ಪಲಿನಲ್ಲಿ ತೀರ್ಮಾನವಾಯಿತು. ಯಾರ ಬಗ್ಗೆ ಆಡುತ್ತೇವೋ ಅವರ ಕಿವಿಗೆ ಬಿದ್ದರೂ ತಲೆ ತಗ್ಗಿಸಬೇಕಾಗಿಲ್ಲದ ಮಾತು ಪಿಸು. ಬಿದ್ದರೆ ಕಣ್ಣೆತ್ತಲಾಗದ ಮಾತು ಗುಸುಗುಸು. ನೀರಿನ ದಾರಿಯಲ್ಲಿ ಇಬ್ಬರು ಹೆಂಗಸರು ಮೂರನೆಯವಳ ಮಾತು ಎತ್ತಿದರೆ, ಹಿರಿಯಳೊಬ್ಬಳು ಬಿಂದಿಗೆ ಇಳಿಸುತ್ತಾ, "ಮೇಲಕ್ಕೆ ಕೇಳ್ತದೆ ಕನ್ರವ್ವ" ಎನ್ನುತ್ತಾಳೆ. ಮಾತು ಅಲ್ಲಿಗೆ ನಿಲ್ಲುತ್ತದೆ, ಕೆಲವು ಸಲ.

ಹೊನ್ನೆಮರ ಈಗಿಲ್ಲ, ಮೋಟು ಇದೆ. ಅದರ ಸುತ್ತ ಹಗ್ಗ ಉಜ್ಜಿದ ಬಳೆಯಂಥ ಗುರುತನ್ನು ಇನ್ನೂ ಕಾಣಬಹುದು. ಬಸರಿ ಮಾತ್ರ ಬೆಳೆದು ದೊಡ್ಡ ಮರವಾಗಿ ಬಂಡೆಯ ಸೀಳನ್ನು ಅಗಲ ಮಾಡುತ್ತಿದೆ. ತೌರಿನೊಡನೆ ಮಾತು ಬಿಟ್ಟ ಹೆಣ್ಣುಮಕ್ಕಳು ಎಲ್ಲೆಲ್ಲಿಂದಲೋ ಬಂದು, ಚಪ್ಪಟೆ ಕಲ್ಲಿನ ಮೇಲೆ ಅರಿಶಿನ ಕುಂಕುಮ ಇಟ್ಟು, ಬಂಡೆಗೆ ಮುಖ ಮಾಡಿ ಒಂದೇ ಒಂದು ಮಾತು ಆಡಿ ಹೋಗುತ್ತಾರೆ. ಅದೇನೆಂದು ಪಕ್ಕದಲ್ಲಿ ನಿಂತವರಿಗೂ ಕೇಳುವುದಿಲ್ಲ. ಹಿಂಬದಿಯ ದಾರಿ ಹತ್ತಿ ನೆತ್ತಿಗೆ ಹೋದವರಿಗೆ ಅಂಚಿನ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಆಳದ ಒಂದು ಗೀರು ಕಾಣುತ್ತದೆ. ಕೆಳಗೆ ಕೂಗಿ ಬಂದವರೂ ಅಲ್ಲಿ ಕೂತು ಅದರೊಳಗೆ ಬೆರಳಿಟ್ಟು ನೋಡುತ್ತಾರೆ. ಇಟ್ಟವರು, ಯಾರೂ ಹೇಳದೆಯೇ, ದನಿ ತಗ್ಗಿಸುತ್ತಾರೆ.